ಕೊಳದ ಫಿಲ್ಟರಿಗೆ ಯಾವ ಪೈಪು, ಯಾವ ವಾಲ್ವು?

ಪ್ರಶ್ನೆ: ಮನೆಯ ಹಿಂದಿನ ಜಾಗದಲ್ಲಿ ಸುಮಾರು 3,000 ಲೀಟರ್ ನೀರು ಹಿಡಿಯುವ ಕೊಳ ಮಾಡಿ ಗೋಲ್ಡ್‌ಫಿಶ್ ಮತ್ತು ಕೆಲವು ಕೋಯಿ ಮೀನುಗಳನ್ನು ಸಾಕಿದ್ದೇನೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನಾನೇ ಫಿಲ್ಟರ್ ಕಟ್ಟಬೇಕೆಂದಿದ್ದೇನೆ. ಮನೆಯ ರಿಪೇರಿ ಮುಗಿದ ಮೇಲೆ ಉಳಿದ ಪಿವಿಸಿ ಪೈಪು, ಎರಡು ಹಿತ್ತಾಳೆಯ ವಾಲ್ವು, ಒಂದಿಷ್ಟು ಜಿಐ ಪೈಪು ಮತ್ತು ಗಿಡಗಳಿಗೆ ನೀರು ಬಿಡುವ ಹೋಸು ನನ್ನಲ್ಲಿವೆ. ನಾವು ಕುಡಿಯುವ ನೀರೇ ಇವುಗಳಲ್ಲಿ ಹರಿಯುವಾಗ ಮೀನಿಗೆ ಏನಾಗುತ್ತದೆ ಎಂದು ಪ್ಲಂಬರ್ ಕೇಳುತ್ತಾರೆ. ಅವರ ಮಾತು ಸರಿಯೇ?

ಉತ್ತರ: ಅರ್ಧ ಸರಿ. ನಿಮ್ಮ ಪಟ್ಟಿಯಲ್ಲಿರುವ ಪಿವಿಸಿ ಪೈಪನ್ನು ಧೈರ್ಯವಾಗಿ ಬಳಸಿಕೊಳ್ಳಿ, ಉಳಿದ ಮೂರನ್ನು ಬೇರೆ ಕೆಲಸಕ್ಕೆ ಎತ್ತಿಡಿ. ಮನೆಯ ನಲ್ಲಿಯಲ್ಲಿ ಬರುವ ನೀರು ಒಂದು ವಾಲ್ವನ್ನು ಒಂದೇ ಸಲ ದಾಟಿ ಹೊರಗೆ ಹೋಗುತ್ತದೆ. ಕೊಳದಲ್ಲಿ ಹಾಗಿಲ್ಲ. ಗಂಟೆಗೆ 2,000 ಲೀಟರ್ ಎತ್ತುವ ಪಂಪು ಇಟ್ಟಿರೆಂದುಕೊಳ್ಳಿ, ಆಗ ನಿಮ್ಮ 3,000 ಲೀಟರ್ ನೀರು ದಿನಕ್ಕೆ 16 ಸಲ ಅದೇ ವಾಲ್ವಿನೊಳಗಿಂದ ಹಾದು ಬರುತ್ತದೆ, ಪ್ರತಿ ಸುತ್ತಿನಲ್ಲಿಯೂ ಕರಗಿದ್ದೆಲ್ಲ ಕೊಳಕ್ಕೇ ಸೇರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲೋಹ ಆವಿಯಾಗುವುದಿಲ್ಲ. ಆದ್ದರಿಂದ ಕಡಿಮೆಯಾದಷ್ಟು ನೀರನ್ನು ಮೇಲಿಂದ ತುಂಬಿಸಿದ ಮಾತ್ರಕ್ಕೆ ಒಳಗೆ ಕೂಡಿದ ಲೋಹ ಹೊರಗೆ ಹೋದಂತಾಗುವುದಿಲ್ಲ.

ಇನ್ನೊಂದು ವಿಷಯ, ನಾವು ನೀರನ್ನು ಕುಡಿಯುತ್ತೇವೆ, ಮೀನು ನೀರಿನಲ್ಲೇ ಉಸಿರಾಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಸಮುದ್ರದ ಅಲಂಕಾರಿಕ ಮೀನುಗಳಿಗೆ ಅಂಟುವ ಪರೋಪಜೀವಿಗಳನ್ನು ಕೊಲ್ಲಲು ತಾಮ್ರವನ್ನೇ ಔಷಧವಾಗಿ ಬಳಸುವ ರೂಢಿಯಿದೆ; ಅಲ್ಲಿನ ಪ್ರಮಾಣ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಅಂದರೆ ನಮಗೆ ನಿರಪಾಯವೆನಿಸುವ ಮಿತಿಯ ಹತ್ತನೆಯ ಒಂದು ಭಾಗ, ಅದನ್ನೂ ಪ್ರತಿದಿನ ಅಳೆದು ನೋಡುತ್ತಲೇ ಕೊಡಬೇಕು. ಮೃದುವಾದ ನೀರಿನಲ್ಲಿ ಟ್ರೌಟ್‌ನಂಥ ಸೂಕ್ಷ್ಮ ಮೀನುಗಳು 0.1 ಮಿಲಿಗ್ರಾಂಗಿಂತ ಕಡಿಮೆ ತಾಮ್ರಕ್ಕೂ ಸಾಯುತ್ತವೆ. ಕೋಯಿ, ಗೋಲ್ಡ್‌ಫಿಶ್ ಅಷ್ಟು ನಾಜೂಕಿನವಲ್ಲ ನಿಜ, ಆದರೆ ಅದೇ ಕೊಳದಲ್ಲಿ ಬಸವನಹುಳು ಅಥವಾ ಸಿಗಡಿ ಇದ್ದರೆ ಅವು ಮೀನಿಗಿಂತ ಮೊದಲೇ ಹೋಗುತ್ತವೆ. ತಾಮ್ರ ಮಾಡುವ ಕೆಡುಕು ಮುಖ್ಯವಾಗಿ ಕಿವಿರಿನಲ್ಲಿ: ಕಿವಿರು ನೀರಿನಿಂದ ಸೋಡಿಯಂ ಹೀರಿಕೊಳ್ಳುವುದನ್ನು ಅದು ತಡೆಯುತ್ತದೆ, ಮೀನಿನ ಮೈಯ ಲವಣ ನಿಧಾನವಾಗಿ ನೀರಿಗೆ ಸೋರಿಹೋಗುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಈ ಜಾಗಕ್ಕೆ ಪೈಪೋಟಿ ಮಾಡುವುದರಿಂದ ಅಪಾಯ ಕಡಿಮೆ, ಮಳೆಯ ನೀರಿನಂಥ ಮೃದು ನೀರಿನಲ್ಲಿ ಹೆಚ್ಚು.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಕೆಲವು ಹಿತ್ತಾಳೆಯಲ್ಲಿ ಕಡೆಯುವ ಕೆಲಸ ಸುಲಭವಾಗಲೆಂದು ಅಲ್ಪಸ್ವಲ್ಪ ಸೀಸವನ್ನೂ ಬೆರೆಸಿರುತ್ತಾರೆ. ನಿಮ್ಮ ಹಳೆಯ ವಾಲ್ವಿನ ಮರೆಯ ಕಡೆ ಬೆರಳಾಡಿಸಿ ನೋಡಿ, ಹಸಿರು ಕಿಲುಬು ಬೆರಳಿಗೆ ಹತ್ತಿದರೆ ಅದು ಕೊಳದ ನೀರಿನಲ್ಲಿ ಏನಾಗುತ್ತದೆ ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಜಿಐ ಪೈಪಿನ ಹೊಳಪು ಕಬ್ಬಿಣದ ಮೇಲೆ ಬಳಿದ ಸತುವಿನದು, ಸತುವೂ ಕಿವಿರಿಗೆ ಆಗದ ಲೋಹ, ಅದು ಕರಗಿ ಮುಗಿದ ಮೇಲೆ ಉಳಿಯುವುದು ತುಕ್ಕು. ಈ ಎರಡನ್ನೂ ಬಿಟ್ಟುಬಿಡಿ.

ಪೈಪಿನ ವಿಚಾರ ಇದಕ್ಕಿಂತ ಸರಳ. ನೀರಿನ ಒತ್ತಡಕ್ಕೆಂದೇ ತಯಾರಾದ ಗಟ್ಟಿ ಪಿವಿಸಿ, ಅಂದರೆ ಯುಪಿವಿಸಿ, ಕೊಳಕ್ಕೆ ಒಳ್ಳೆಯ ಆಯ್ಕೆ. ಮೆತುವಾಗಿಸುವ ರಾಸಾಯನಿಕ ಇದರಲ್ಲಿರುವುದಿಲ್ಲ, ನೀರಿಗೆ ರುಚಿಯನ್ನಾಗಲಿ ವಾಸನೆಯನ್ನಾಗಲಿ ಬಿಡುವುದಿಲ್ಲ. ಪೈಪಿನ ಮೈಮೇಲೆ ಮುದ್ರಿಸಿರುವ ಸಾಲನ್ನು ಒಮ್ಮೆ ಓದಿ: ಕುಡಿಯುವ ನೀರಿಗೆ ಯೋಗ್ಯವೆಂದು, ಸೀಸರಹಿತವೆಂದು ಅಲ್ಲಿ ಬರೆದಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ಪಿವಿಸಿ ಬಿಸಿಗೆ ಕೆಡದಿರಲೆಂದು ಹಿಂದೆ ಸೀಸದ ಲವಣಗಳನ್ನು ಸೇರಿಸುತ್ತಿದ್ದುದರಿಂದ, ಯಾವ ಕಾಲದ್ದೆಂದು ಗೊತ್ತಿಲ್ಲದ, ಅಕ್ಷರ ಅಳಿಸಿಹೋದ ಪೈಪನ್ನು ಬಳಸದಿರುವುದು ಮೇಲು. ಗೋಡೆಯೊಳಗೆ ವೈರು ಎಳೆಯುವ ಕಾಂಡ್ಯೂಟ್ ಪೈಪು ನೋಡಲು ಅಣ್ಣತಮ್ಮನಂತಿದ್ದರೂ ನೀರಿಗಾಗಿ ಮಾಡಿದ್ದಲ್ಲ, ಅದಕ್ಕೆ ಹಾಕಿರಬಹುದಾದ ಬೆಂಕಿನಿರೋಧಕಗಳು ನಮಗೆ ಬೇಡ. ಸಿಪಿವಿಸಿ, ಪಿಪಿಆರ್, ಎಬಿಎಸ್, ಕಪ್ಪು ಎಚ್‌ಡಿಪಿಇ ಎಂಬ ಬೇರೆ ಪ್ಲಾಸ್ಟಿಕ್ಕುಗಳ ಪೈಪುಗಳೂ ಮೀನಿಗೆ ನಿರಪಾಯ. ಬಿಸಿನೀರಿಗೆಂದು ಮಾಡಿದ ಸಿಪಿವಿಸಿಗೆ ಕೊಳದಲ್ಲಿ ಹೆಚ್ಚಿನ ಕೆಲಸವಿಲ್ಲ, ಮನೆಯಲ್ಲಿ ಉಳಿದಿದ್ದರೆ ಬಳಸಿ, ಹೊಸದಾಗಿ ತರಬೇಡಿ.

ಇಷ್ಟೆಲ್ಲ ಹೇಳಿದರೂ, ನನ್ನ ಅನುಭವದಲ್ಲಿ ಕೊಳಕ್ಕೆ ತೊಂದರೆ ಬರುವುದು ಉದ್ದನೆಯ ಪೈಪಿನಿಂದ ಅಪರೂಪ. ಪೈಪು ಪೈಪನ್ನು ಸೇರುವ ಕಡೆ ಕೂರುವ ಸಣ್ಣ ಪುಟ್ಟ ಸಾಮಾನುಗಳಲ್ಲಿ ಅದು ಅಡಗಿರುತ್ತದೆ, ಏಕೆಂದರೆ ಅವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ವಾಲ್ವಿಗೆ ಯುಪಿವಿಸಿಯ ಬಾಲ್ ವಾಲ್ವನ್ನೇ ಆರಿಸಿ. ಅದರ ಚೆಂಡೂ ಪ್ಲಾಸ್ಟಿಕ್ಕಿನದು, ಚೆಂಡು ಕೂರುವ ಪೀಠ ಟೆಫ್ಲಾನಿನದು. ತಿರುಪಿರುವ ಎಲ್ಬೋ, ಕಪ್ಲಿಂಗ್‌ಗಳನ್ನು ಬಾಯಿ ಮೇಲೆ ಮಾಡಿ ಒಳಗೆ ಇಣುಕಿ ನೋಡಿ, ಹೊರಗೆಲ್ಲ ಪ್ಲಾಸ್ಟಿಕ್ ಇದ್ದು ತಿರುಪಿನ ಜಾಗದಲ್ಲಿ ಮಾತ್ರ ಹಳದಿ ಬಳೆಯೊಂದು ಹೊಳೆದರೆ ಅದು ಹಿತ್ತಾಳೆ, ಹಾಗಿರುವುದನ್ನು ಹಿಂದಿರುಗಿಸಿ. ಕ್ರೋಮ್ ಲೇಪವಿರುವ ಬಿಳಿ ಹೊಳಪಿನ ಸಾಮಾನಿನ ಒಳಮೈಯೂ ಬಹುತೇಕ ಹಿತ್ತಾಳೆಯದೇ. ಹೋಸಿನ ಮೇಲೆ ಬಿಗಿಯುವ ಕ್ಲಿಪ್ಪು ಸತುವಿನ ಲೇಪದ್ದಾಗಿರಬಾರದು, ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಸಿಹಿನೀರಿಗೆ 304 ದರ್ಜೆ ಸಾಕು, ಉಪ್ಪುನೀರಾದರೆ 316 ಬೇಕು. ಆಯಸ್ಕಾಂತ ಹಿಡಿದು ಪರೀಕ್ಷಿಸುವವರಿಗೆ ಒಂದು ಮಾತು: ಆಯಸ್ಕಾಂತ ಕಬ್ಬಿಣವನ್ನು ಹಿಡಿದುಕೊಡುತ್ತದೆ, ಆದರೆ ಹಿತ್ತಾಳೆಗೂ ಈ ಸ್ಟೇನ್‌ಲೆಸ್ ಸ್ಟೀಲಿಗೂ ಅದು ಸಾಮಾನ್ಯವಾಗಿ ಅಂಟುವುದಿಲ್ಲವಾದ್ದರಿಂದ ಇವೆರಡರ ನಡುವೆ ತೀರ್ಪು ಕೊಡಲಾರದು.

ಗಿಡದ ಹೋಸು ಮೆತುವಾಗಿ ಬಾಗುವುದೇ ಅದರಲ್ಲಿ ಬೆರೆಸಿರುವ ಥಾಲೇಟ್‌ನಂಥ ಮೆದುಕಾರಕಗಳಿಂದ. ಬಿಸಿಲಿನಲ್ಲಿ ಬಿದ್ದಿದ್ದ ಹೋಸಿನಿಂದ ಮೊದಲು ಬರುವ ಬೆಚ್ಚನೆಯ ನೀರನ್ನು ಅಂಗೈಯಲ್ಲಿ ಹಿಡಿದು ಮೂಸಿದರೆ ಹೊಸ ರೈನ್‌ಕೋಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಪಾಚಿ, ಬೂಸು ಕಟ್ಟದಿರಲೆಂದು ಔಷಧ ಬೆರೆಸಿದ ಹೋಸುಗಳೂ ಇವೆ, ಅವಂತೂ ಸರ್ವಥಾ ಬೇಡ. ಬಾಗುವ ಪೈಪು ಬೇಕೇ ಬೇಕೆಂದಾದರೆ ಕೊಳಕ್ಕೆಂದೇ ಮಾಡಿದ ಸುರುಳಿ ಪಟ್ಟಿಯ ಕಪ್ಪು ಹೋಸನ್ನೋ ಆಹಾರ ದರ್ಜೆಯ ಹೋಸನ್ನೋ ತನ್ನಿ. ಪಾರದರ್ಶಕ ಹೋಸಿನ ಒಳಗೆ ಬೆಳಕು ಹೊಕ್ಕು ಪಾಚಿ ಬೆಳೆಯುತ್ತದೆ, ಕಪ್ಪು ಬಣ್ಣವೇ ಲೇಸು.

ನೀವು ಕೇಳದಿದ್ದರೂ ಪಂಪಿನ ಮಾತನ್ನು ಸೇರಿಸುತ್ತೇನೆ. ಮನೆಯ ಟ್ಯಾಂಕಿಗೆ ನೀರೇರಿಸುವ ಎಷ್ಟೋ ಪಂಪುಗಳ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಹಿತ್ತಾಳೆಯದು. ಮುಳುಗುವ ಕೆಲವು ಪಂಪುಗಳ ಮೋಟಾರಿನ ಸುತ್ತ ಎಣ್ಣೆ ತುಂಬಿರುತ್ತದೆ, ಸೀಲು ಸವೆದ ದಿನ ಆ ಎಣ್ಣೆಯೆಲ್ಲ ಕೊಳದ ಮೇಲೆ ಬಣ್ಣಬಣ್ಣದ ಪದರವಾಗಿ ಹರಡುತ್ತದೆ. ಪ್ಲಾಸ್ಟಿಕ್ ಇಂಪೆಲ್ಲರ್ ಇರುವ, ಎಣ್ಣೆಯಿಲ್ಲದ ಮ್ಯಾಗ್ನೆಟಿಕ್ ಡ್ರೈವ್ ಪಂಪನ್ನೇ ಕೇಳಿ ಪಡೆಯಿರಿ.

ಪ್ರಶ್ನೆ: ಪೈಪು ಅಂಟಿಸುವ ಗಮ್ಮಿನ ವಾಸನೆಗೇ ತಲೆ ತಿರುಗುತ್ತದೆ. ಮೀನಿನ ಗತಿಯೇನು? ಸೋರುವ ಕಡೆ ಸಿಲಿಕೋನ್ ಹಚ್ಚಬಹುದೇ?

ಉತ್ತರ: ನೀವು ಗಮ್ ಎನ್ನುವ ಸಾಲ್ವೆಂಟ್ ಸಿಮೆಂಟು ಅಂಟಿಸುವುದಕ್ಕಿಂತ ಕರಗಿಸುವ ಕೆಲಸವನ್ನೇ ಹೆಚ್ಚು ಮಾಡುತ್ತದೆ. ಟೆಟ್ರಾಹೈಡ್ರೋಫ್ಯುರಾನ್, ಸೈಕ್ಲೋಹೆಕ್ಸನೋನ್ ಮುಂತಾದ ದ್ರಾವಕಗಳು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಮೆದುಮಾಡಿ ಒಂದಾಗಿಸುತ್ತವೆ, ಆಮೇಲೆ ಆವಿಯಾಗಿ ಹೋಗುತ್ತವೆ. ತಲೆ ತಿರುಗಿಸುವುದು ಈ ಆವಿಯೇ, ಹಾಗಾಗಿ ಗಾಳಿಯಾಡುವ ಕಡೆ ಕೂತು ಕೆಲಸ ಮಾಡಿ. ಪೂರ್ತಿ ಒಣಗಿದ ಜೋಡಣೆಯಿಂದ ಮೀನಿಗೆ ಕೇಡಿಲ್ಲ. ಕೇಡಿರುವುದು ಆತುರದಲ್ಲಿ. ಗಮ್ಮನ್ನು ಪೈಪಿನ ಹೊರಮೈಗೆ ಧಾರಾಳವಾಗಿ, ಸಾಕೆಟ್ಟಿನ ಒಳಮೈಗೆ ತೆಳ್ಳಗೆ ಹಚ್ಚಿ. ಒಳಗೆ ಹೆಚ್ಚಾಗಿ ಸುರಿದರೆ ಪೈಪು ತೂರಿಸುವಾಗ ಅದು ಮುಂದಕ್ಕೆ ತಳ್ಳಲ್ಪಟ್ಟು ತಿರುವಿನಲ್ಲಿ ಗುಡ್ಡೆಯಾಗಿ ಕೂರುತ್ತದೆ, ಆ ಗುಡ್ಡೆ ವಾರಗಟ್ಟಲೆ ದ್ರಾವಕ ಬಿಡುತ್ತಲೇ ಇರುತ್ತದೆ. ಜೋಡಿಸಿದ ಮೇಲೆ 24 ಗಂಟೆ ಹಾಗೇ ಬಿಡಿ. ನಂತರ ಪಂಪನ್ನು ಕೊಳದಲ್ಲಿಡದೆ ದೊಡ್ಡ ಬಕೆಟ್ಟಿನಲ್ಲಿಟ್ಟು, ಫಿಲ್ಟರಿನಿಂದ ಬರುವ ನೀರು ಮತ್ತೆ ಬಕೆಟ್ಟಿಗೇ ಬೀಳುವಂತೆ ಮಾಡಿ ಒಂದು ದಿನ ಓಡಿಸಿ, ಆ ನೀರನ್ನು ಚೆಲ್ಲಿಬಿಡಿ. ಸೋರಿಕೆಯೂ ಅಷ್ಟರಲ್ಲಿ ತಿಳಿದುಬರುತ್ತದೆ.

ಸಿಲಿಕೋನಿನ ಮಟ್ಟಿಗೆ ಟ್ಯೂಬಿನ ಹೆಸರಿಗಿಂತ ಅದರ ಹಿಂಭಾಗದ ಸಣ್ಣ ಅಕ್ಷರಗಳು ಮುಖ್ಯ. ಅಪ್ಪಟ ಸಿಲಿಕೋನ್ ಮೀನಿಗೆ ನಿರಪಾಯ, ಗಾಜಿನ ಅಕ್ವೇರಿಯಂಗಳು ನಿಂತಿರುವುದೇ ಅದರ ಮೇಲೆ. ಬಚ್ಚಲುಮನೆ, ಸಿಂಕುಗಳ ಅಂಚಿಗೆ ಹಚ್ಚುವ ಬೂಸುನಿರೋಧಕ ಸಿಲಿಕೋನಿನಲ್ಲಿ ಶಿಲೀಂಧ್ರನಾಶಕ ಬೆರೆತಿರುತ್ತದೆ, ಅದನ್ನು ಮುಟ್ಟಬೇಡಿ. ಹಚ್ಚಿದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಗಾಬರಿ ಬೇಡ, ಗಟ್ಟಿಯಾಗುವಾಗ ಹೊರಬೀಳುವ ಅಸಿಟಿಕ್ ಆಮ್ಲ ಅದು. ವಾಸನೆ ಪೂರ್ತಿ ಹೋದ ಮೇಲೆ ನೀರು ತುಂಬಿಸಿ. ಸಿಲಿಕೋನ್ ಹೊರಗಿನಿಂದ ಒಳಕ್ಕೆ ದಿನಕ್ಕೆ 2-3 ಮಿಲಿಮೀಟರಿನಂತೆ ಗಟ್ಟಿಯಾಗುವುದರಿಂದ ದಪ್ಪಗೆ ಹಚ್ಚಿದ ಕಡೆ ಮೇಲಿನ ತೊಗಲು ಒಣಗಿದ್ದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಎಚ್‌ಡಿಪಿಇ ಡ್ರಮ್ಮಿಗೆ ಮಾತ್ರ ಸಿಲಿಕೋನೂ ಹಿಡಿಯುವುದಿಲ್ಲ, ಪಿವಿಸಿ ಗಮ್ಮೂ ಹಿಡಿಯುವುದಿಲ್ಲ. ಡ್ರಮ್ಮಿಗೆ ತೂತು ಕೊರೆದು, ಎರಡೂ ಕಡೆ ವಾಷರ್ ಕೂರಿಸಿ ಬಿಗಿಯುವ ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್ ಹಾಕುವುದೊಂದೇ ನಂಬಿಕೆಯ ದಾರಿ. ವಾಷರು ಇಪಿಡಿಎಂ ರಬ್ಬರಿನದಾಗಿದ್ದರೆ ಬಹುಕಾಲ ಬಾಳುತ್ತದೆ.

ತಿರುಪುಗಳಿಗೆ ಬಿಳಿ ಟೆಫ್ಲಾನ್ ಟೇಪು ಸಾಕು, ಅದು ನೀರಿನೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದ ವಸ್ತು. ನಾರು ಸುತ್ತಿ ಬಿಳಿ ಪೇಂಟು ಬಳಿಯುವ ಹಳೆಯ ಪದ್ಧತಿ ಕೊಳಕ್ಕೆ ಬೇಡ.

ಪ್ರಶ್ನೆ: ಬಳಸಿ ಬಿಟ್ಟ ನೀಲಿ ಡ್ರಮ್ಮೊಂದು ಅಗ್ಗಕ್ಕೆ ಸಿಕ್ಕಿದೆ. ಸೋಪು ಹಾಕಿ ಚೆನ್ನಾಗಿ ತೊಳೆದರೆ ಸಾಕಲ್ಲವೇ?

ಉತ್ತರ: ಸೋಪು ಮೊದಲೇ ಬೇಡ. ಸೋಪು, ಡಿಟರ್ಜೆಂಟುಗಳ ಶೇಷ ಕಿವಿರಿನ ಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ. ಎಷ್ಟು ಸಲ ಜಾಲಾಡಿದರೂ ಡ್ರಮ್ಮಿನ ಕಂಠದಲ್ಲಿ, ಮುಚ್ಚಳದ ತಿರುಪಿನಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ.

ಡ್ರಮ್ಮಿನ ತಳ ತಿರುಗಿಸಿ ನೋಡಿದರೆ ಬಾಣಗಳ ತ್ರಿಕೋನದೊಳಗೆ ಒಂದು ಅಂಕಿ ಕಾಣುತ್ತದೆ. 2 ಎಂದರೆ ಎಚ್‌ಡಿಪಿಇ, 5 ಎಂದರೆ ಪಾಲಿಪ್ರೊಪಿಲೀನ್, ಇವೆರಡೂ ಮೀನಿಗೆ ಒಳ್ಳೆಯವೇ. ಆದರೆ ಆ ಅಂಕಿ ಪ್ಲಾಸ್ಟಿಕ್ಕಿನ ಕುಲವನ್ನಷ್ಟೇ ಹೇಳುತ್ತದೆ, ಅದರೊಳಗೆ ಇದುವರೆಗೆ ಏನಿತ್ತೆಂದು ಹೇಳುವುದಿಲ್ಲ. ಎಚ್‌ಡಿಪಿಇ ಎಣ್ಣೆಯನ್ನೂ ಎಷ್ಟೋ ದ್ರಾವಕಗಳನ್ನೂ ಮೈಯೊಳಗೆ ಹೀರಿಕೊಂಡು ಆಮೇಲೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಆಹಾರ ಪದಾರ್ಥ ತುಂಬಿದ್ದ ಡ್ರಮ್ಮಾದರೆ ಬಿಸಿನೀರು, ಉಪ್ಪು ಹಾಕಿ ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ ಬಳಸಬಹುದು. ಕೀಟನಾಶಕ, ಲೂಬ್ರಿಕೆಂಟ್, ಪೇಂಟು, ಶುಚಿಕಾರಕಗಳಿದ್ದ ಡ್ರಮ್ಮನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಏನಿತ್ತೆಂದು ಮಾರುವವರಿಗೇ ತಿಳಿಯದಿದ್ದರೆ, ಕೀಟನಾಶಕವಿತ್ತೆಂದೇ ಭಾವಿಸಿ ಮುಂದೆ ನಡೆಯುವುದು ನನ್ನ ಪದ್ಧತಿ.

ಇಷ್ಟಾದರೂ ಅನುಮಾನ ಉಳಿದರೆ ಹೀಗೆ ಮಾಡಿ. ಡ್ರಮ್ಮಿನಲ್ಲಿ ಸ್ವಲ್ಪ ನೀರು ನಿಲ್ಲಿಸಿ ಮುಚ್ಚಿ, ಬಿಸಿಲಿಗೆ ಮೂರು ದಿನ ಬಿಡಿ. ನಾಲ್ಕನೆಯ ದಿನ ಮುಚ್ಚಳ ತೆರೆದ ಕ್ಷಣದಲ್ಲೇ ಮೂಗು ಹತ್ತಿರ ತಂದು ಗಾಳಿಯನ್ನು ಕೈಯಿಂದ ಬೀಸಿಕೊಂಡು ಮೂಸಿ. ಆ ನೀರನ್ನು ಗಾಜಿನ ಬಾಟಲಿಗೆ ಅರ್ಧ ತುಂಬಿ ಜೋರಾಗಿ ಕುಲುಕಿ, ಬದಿಯಲ್ಲೇ ನಲ್ಲಿಯ ನೀರಿನ ಇನ್ನೊಂದು ಬಾಟಲಿಯನ್ನೂ ಕುಲುಕಿ ಇಡಿ. ನಲ್ಲಿ ನೀರಿನ ಗುಳ್ಳೆಗಳು ಕಣ್ಣೆದುರೇ ಒಡೆದುಹೋಗುತ್ತವೆ. ಡ್ರಮ್ಮಿನ ನೀರಿನ ಮೇಲೆ ನೊರೆಯ ಉಂಗುರ ನಿಂತರೆ, ಇಲ್ಲವೇ ಬೆಳಕಿಗೆ ಹಿಡಿದಾಗ ಎಣ್ಣೆಯ ಬಣ್ಣ ಮಿನುಗಿದರೆ, ಡ್ರಮ್ಮನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಎಲ್ಲ ವಿಷವೂ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲವಾದ್ದರಿಂದ ಇದರಲ್ಲಿ ಫೇಲಾದ ಡ್ರಮ್ಮನ್ನು ಕಳಿಸಬಹುದೇ ಹೊರತು, ಪಾಸಾಯಿತೆಂದು ಕೀಟನಾಶಕದ ಡ್ರಮ್ಮನ್ನು ಒಳಗೆ ತರುವಂತಿಲ್ಲ.

ಪ್ರಶ್ನೆ: ಡ್ರಮ್ಮಿನ ಬದಲು ಇಟ್ಟಿಗೆ ಕಟ್ಟಿ ಸಿಮೆಂಟು ಗಿಲಾವು ಮಾಡಿದ ತೊಟ್ಟಿಯನ್ನೇ ಫಿಲ್ಟರಾಗಿ ಬಳಸಿದರೆ?

ಉತ್ತರ: ಬಳಸಬಹುದು, ತಾಳ್ಮೆ ಬೇಕು. ಹೊಸ ಸಿಮೆಂಟಿನಿಂದ ಸುಣ್ಣ ಕರಗಿ ಬರುತ್ತದೆ, ಆ ನೀರಿನ ಪಿಎಚ್ 12ರ ಆಚೆಗೂ ಏರುತ್ತದೆ. ಕ್ಷಾರ ತಾನಾಗಿಯೇ ಕಿವಿರು ಸುಡುವುದಲ್ಲದೆ ಮೀನುಗಳಿಂದ ನೀರಿಗೆ ಸೇರುವ ಅಮೋನಿಯಾವನ್ನೂ ಕೆರಳಿಸುತ್ತದೆ: 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ಶೇಕಡ 1ಕ್ಕೂ ಕಡಿಮೆ, ಪಿಎಚ್ 9 ಆದಾಗ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಹೊಸ ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುವುದರಿಂದ ಎರಡು ಕಷ್ಟ ಒಂದೇ ಸಲ ಬಂದಂತಾಗುತ್ತದೆ. ತೊಟ್ಟಿಗೆ ನೀರು ತುಂಬಿ ಕೆಲವು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿ. ನಿಂತ ನೀರಿನ ಪಿಎಚ್ಚೂ ನಲ್ಲಿ ನೀರಿನ ಪಿಎಚ್ಚೂ ಒಂದೇ ಆಗುವವರೆಗೆ ಇದನ್ನು ಮುಂದುವರಿಸಿ. ಅಷ್ಟು ಕಾಯಲಾಗದಿದ್ದರೆ ಒಣಗಿದ ಗೋಡೆಗೆ ನೀರಿನ ತೊಟ್ಟಿಗೆಂದೇ ಇರುವ ಎಪಾಕ್ಸಿ ಲೇಪ ಕೊಟ್ಟು, ತಯಾರಕರು ಹೇಳಿದಷ್ಟು ದಿನ ಬಿಡಿ. ನೀರು ಸೋರದಂತೆ ತಾರಸಿಗೆ ಹಚ್ಚುವ ಡಾಂಬರಿನ ಲೇಪ ಇಲ್ಲಿಗೆ ಸಲ್ಲದು.

ಪ್ರಶ್ನೆ: ನನ್ನ ಕೊಳದಲ್ಲಿ ಎರಡು ವರ್ಷದಿಂದ ಹಿತ್ತಾಳೆಯ ವಾಲ್ವೇ ಇದೆ. ಒಂದು ಮೀನೂ ಸತ್ತಿಲ್ಲ. ಸುಮ್ಮನೆ ಹೆದರಿಸುತ್ತೀರೇಕೆ?

ಉತ್ತರ: ನಿಮ್ಮ ನೀರು ಗಡಸಾಗಿದ್ದು ಪಿಎಚ್ 8ರ ಆಸುಪಾಸಿನಲ್ಲಿರಬೇಕು. ಅಂಥ ನೀರಿನಲ್ಲಿ ಹಿತ್ತಾಳೆಯ ಒಳಮೈಗೆ ಕಾರ್ಬೊನೇಟಿನ ಪದರ ಕಟ್ಟಿಕೊಂಡು ಲೋಹ ಕರಗುವುದು ಬಹಳ ಕಡಿಮೆಯಾಗುತ್ತದೆ. ನೀವು ಹೇಳುವುದನ್ನು ನಾನು ನಂಬುತ್ತೇನೆ, ವಾಲ್ವನ್ನು ನಂಬುವುದಿಲ್ಲ. ಕಾರಣ ನಿಮ್ಮ ಫಿಲ್ಟರಿನೊಳಗೇ ಇದೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ಕೆಲಸದಲ್ಲಿ ಆಮ್ಲವನ್ನು ಹುಟ್ಟಿಸುತ್ತವೆ, ಆ ಆಮ್ಲ ನೀರಿನಲ್ಲಿರುವ ಕಾರ್ಬೊನೇಟನ್ನು ದಿನವೂ ಸ್ವಲ್ಪಸ್ವಲ್ಪ ತಿಂದುಹಾಕುತ್ತದೆ. ಮೀನು ದೊಡ್ಡವಾಗಿ, ಆಹಾರ ಹೆಚ್ಚಾಗಿ, ನೀರು ಬದಲಿಸುವುದು ತಡವಾದಂತೆಲ್ಲ ಈ ಖರ್ಚು ಏರುತ್ತದೆ. ಕೊಳಕ್ಕೆ ಮಳೆ ನೀರು ಸೇರಿದರೆ ಇನ್ನೂ ಬೇಗ ಬರಿದಾಗುತ್ತದೆ. ಕಾರ್ಬೊನೇಟು ಮುಗಿದ ದಿನ ಪಿಎಚ್ ಒಮ್ಮೆಲೇ ಕುಸಿಯುತ್ತದೆ, ವಾಲ್ವಿನೊಳಗಿನ ಪದರ ಕರಗತೊಡಗುತ್ತದೆ, ಎರಡು ವರ್ಷ ಸುಮ್ಮನಿದ್ದ ತಾಮ್ರ ನೀರಿಗಿಳಿಯುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿರುವಾಗ ವಾಲ್ವನ್ನು ಅನುಮಾನಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಅದು ಎರಡು ವರ್ಷದಿಂದ ಅಲ್ಲೇ ಇತ್ತಲ್ಲ.

ಇದೇ ಕಾರಣಕ್ಕೆ ತಾಮ್ರಕ್ಕಿಂತ ಮೊದಲು ಕಾರ್ಬೊನೇಟ್ ಗಡಸುತನವನ್ನು ಅಳೆಯುವ ಅಭ್ಯಾಸ ಮಾಡಿಕೊಳ್ಳಿ. ಅಕ್ವೇರಿಯಂನವರು ಕೆಎಚ್ ಎಂದು ಕರೆಯುವ ಹನಿ ಪರೀಕ್ಷೆ ಸಾಕು, ತಿಂಗಳಿಗೊಮ್ಮೆ ಮಾಡಿ. ಅದು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ವಾಲ್ವು ಬದಲಿಸುವ ಕೆಲಸವನ್ನು ಮುಂದೂಡಬೇಡಿ.

ಪ್ರಶ್ನೆ: ಎಲ್ಲ ಜೋಡಣೆಗಳನ್ನೂ ಗಮ್ ಹಾಕಿ ಗಟ್ಟಿ ಮಾಡಬೇಕೇ? ಹೊರಹೋಗುವ ಪೈಪು ಎಷ್ಟು ದಪ್ಪ ಇರಬೇಕು?

ಉತ್ತರ: ಪಂಪಿನ ಬಳಿ ಮತ್ತು ಡ್ರಮ್ಮಿನ ಎರಡೂ ಬದಿಗೆ ಬಿಚ್ಚಬಹುದಾದ ಯೂನಿಯನ್ ಹಾಕಿ, ಉಳಿದ ಕಡೆ ಗಮ್ ಇರಲಿ. ಯೂನಿಯನ್ ಇಲ್ಲದೆ ಕಟ್ಟಿದ ನನ್ನ ಮೊದಲ ಫಿಲ್ಟರನ್ನು ತೊಳೆಯಲು ಪ್ರತಿಸಲವೂ ಪೈಪಿಗೆ ಗರಗಸ ಹಾಕಬೇಕಾಗುತ್ತಿತ್ತು. ಹೊರಹೋಗುವ ಪೈಪು ಒಳಬರುವುದಕ್ಕಿಂತ ದಪ್ಪವಾಗಿರಬೇಕು, ಏಕೆಂದರೆ ಒಳಗೆ ನೀರನ್ನು ಪಂಪು ತಳ್ಳುತ್ತದೆ, ಹೊರಗೆ ಅದು ತನ್ನ ಭಾರದಿಂದಲೇ ಇಳಿಯಬೇಕು. ಪಂಪಿನ ಪೈಪು 25 ಮಿಲಿಮೀಟರಿನದಾದರೆ ಹೊರದಾರಿಗೆ 50 ಮಿಲಿಮೀಟರ್ ಇಡಿ, ಅದರ ಬಾಯಿಗಿಂತ ಸ್ವಲ್ಪ ಮೇಲೆ, ಡ್ರಮ್ಮು ತುಂಬಿದಾಗ ಉಕ್ಕುವ ನೀರಿಗೆಂದು ಇನ್ನೊಂದು ಪೈಪು ಕೊಟ್ಟು ಅದರ ತುದಿಯನ್ನೂ ಕೊಳಕ್ಕೇ ತಿರುಗಿಸಿ. ಬಿಸಿಲಿಗೆ ತೆರೆದುಕೊಂಡ ಯುಪಿವಿಸಿ ಕೆಲವು ವರ್ಷಗಳಲ್ಲಿ ಪೆಡಸಾಗಿ ಬಿರುಕು ಬಿಡುತ್ತದೆ, ಅದರ ಹೊರಮೈಗೆ ಮಾತ್ರ, ನೀರು ತಾಗದ ಕಡೆ, ಪೇಂಟು ಬಳಿಯಬಹುದು.